ಏನೂ ಕಳೆದಿಲ್ಲ

ಪರದೆಯ ಮೇಲೆ ಒಂಬೈನೂರ ಮೂವತ್ತೊಂದು ಎಂದು ಬಂದಾಗ, ಹಾಗೆಯೇ ಬರುತ್ತದೆಂದು ಗೊತ್ತಿದ್ದೂ ಎಸೆನ್ ಇನ್ನೊಮ್ಮೆ ಬಗ್ಗಿ ನೋಡಿದ. ಹೊಸ ಹಾರ್ಡ್ ಡಿಸ್ಕಿನ ಬೆನ್ನಿಗೆ ಅಂಟಿಸಿದ್ದ ಚೀಟಿ ಸಾವಿರ ಗಿಗಾಬೈಟ್ ಎಂದು ದಪ್ಪಕ್ಷರದಲ್ಲಿ ಹೇಳುತ್ತಿತ್ತು. ನಾರಿನ್ ಊರಿನ ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುವ ಮಾಸ್ತರ ಅವನು. ವರ್ಷ ವರ್ಷವೂ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿ, ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುವುದನ್ನು ಒಳಗೊಳಗೇ ಸವಿಯುವವನು. ಆದರೂ ತನ್ನ ಮನೆಯ ಮೇಜಿನ ಮೇಲೆ ಅದೇ ಕೊರತೆ ಕಂಡಾಗ ಮನಸ್ಸು ಮೊದಲು ಹೇಳಿದ್ದು ಮೋಸ ಹೋದೆ ಎಂದು. ಆಮೇಲೆ ಹೇಳಿದ್ದು, ಅಣ್ಣನಿಗೆ ಗೊತ್ತಾದರೆ ನಗುತ್ತಾನೆ ಎಂದು. ಇತ್ತೀಚೆಗೆ ಅವನ ಮನಸ್ಸು ಯಾವುದಕ್ಕೂ ಈ ಎರಡೇ ಮಾತನ್ನು ಆಡುತ್ತಿತ್ತು. ಅಡುಗೆಮನೆಯಲ್ಲಿ ಹೆಂಡತಿ ಜಿಪಾರ್ ಬೆಳಗಾಗುವ ಮೊದಲೇ ಎಣ್ಣೆ ಕಾಯಿಸಿ ಬೋರ್ಸೋಕ್ ಕರಿಯಲು ಕೂತಿದ್ದಳು. ಹಿಟ್ಟಿನ ಪುಟ್ಟ ಚೌಕಗಳು ಉಬ್ಬಿ ಮೇಲೆ ಬರುತ್ತಿದ್ದವು, ಮನೆಯಿಡೀ ಎಣ್ಣೆಯ ಹೊಗೆ. ಜಾಲರಿ ಸೌಟು ಹಿಡಿದುಕೊಂಡೇ ಅವಳು ಬಂದು ಅವನ ಬೆನ್ನ ಹಿಂದೆ ನಿಂತಳು.

"ಸಾವಿರ ಅಂದಿದ್ರಿ. ಉಳಿದದ್ದು ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ. ಕಾರ್ಖಾನೆಯವರು ಸಾವಿರಕ್ಕೆ ಸಾವಿರ ಅಂತ್ಲೇ ಎಣಿಸ್ತಾರೆ. ಈ ಯಂತ್ರ ಹಾಗಲ್ಲ, ಸಾವಿರದ ಇಪ್ಪತ್ನಾಲ್ಕಾದ ಮೇಲೇ ಅದನ್ನ ಒಂದು ಕಟ್ಟು ಅಂತ ಒಪ್ಪೋದು. ಆ ಚಿಲ್ಲರೆ ಮೂರು ಮೆಟ್ಟಿಲು ಹತ್ತೋ ಹೊತ್ತಿಗೆ ದೊಡ್ಡದಾಗಿ ಕಾಣುತ್ತೆ. ನಿನ್ನ ಹಿಟ್ಟನ್ನೇ ತಗೋ. ಸಣ್ಣ ಬಟ್ಟಲಲ್ಲಿ ಅಳೆದ್ರೆ ಸಾವಿರ, ಕೊಂಚ ದೊಡ್ಡ ಬಟ್ಟಲಲ್ಲಿ ಅಳೆದ್ರೆ ಒಂಬೈನೂರ ಮೂವತ್ತೊಂದು. ಹಿಟ್ಟು ಇದ್ದಷ್ಟೇ ಇದೆ."

"ಅಂದ್ರೆ ಏನೂ ಕಳೆದಿಲ್ಲ."

"ಏನೂ ಕಳೆದಿಲ್ಲ."

"ಅವರದ್ದೆಲ್ಲ ಬಂತಾ?"

"ಬಂತು. ಎಣಿಸಿದೀನಿ."

ಅವರು ಎಂದರೆ ಎಸೆನ್‌ನ ಅಪ್ಪ, ಹೋದ ಶರತ್ಕಾಲದಲ್ಲಿ ತೀರಿಕೊಂಡ ಮುಕಾಶ್. ಸೊಸೆಯಾಗಿ ಬಂದಂದಿನಿಂದ ಜಿಪಾರ್ ಆ ಹೆಸರನ್ನು ನಾಲಿಗೆಯ ಮೇಲೆ ತಂದವಳಲ್ಲ. ಮಾವನ ಹೆಸರು, ಮಾವನ ಹಿರಿಯರ ಹೆಸರು, ಭಾವನ ಹೆಸರು, ಯಾವುದನ್ನೂ ಸೊಸೆಯಾದವಳು ಹೇಳಬಾರದು. ಪೇಟೆಯ ಹುಡುಗಿಯರು ಇದನ್ನೆಲ್ಲ ಎಂದೋ ಬಿಟ್ಟಿದ್ದಾರೆ, ಇವಳು ಬಿಡಲಿಲ್ಲ. ಅಪ್ಪನಿಗೆ ಉಬ್ಬಸ ಹೆಚ್ಚಾಗಿ ಆಸ್ಪತ್ರೆಗೆ ಕರೆದೊಯ್ದ ದಿನ, ಕಿಟಕಿಯಾಚೆ ಕೂತ ಹೆಂಗಸು ರೋಗಿಯ ಹೆಸರೇನು ಎಂದು ಮತ್ತೆ ಮತ್ತೆ ಕೇಳಿದರೂ ತುಟಿ ಬಿಗಿಹಿಡಿದು ನಿಂತಿದ್ದಳು. ಕೊನೆಗೆ ಸಾಲಿನಲ್ಲಿ ಹಿಂದಿದ್ದ ಯಾರೋ ಹಿರಿಯನಿಗೆ ಕಾಗದ ತೋರಿಸಿ, ಅಣ್ಣಾ ಎಂದು ಕರೆಯುವಂತೆ, "ಬೈಕೆ, ಇದನ್ನ ಸ್ವಲ್ಪ ಓದಿ ಹೇಳ್ಬಿಡಿ" ಎಂದಿದ್ದಳು. ಸಾಲಿಗೆ ಸಾಲೇ ನಕ್ಕಿತು. ಎಸೆನ್ ತಾನು ಇವರ ಪೈಕಿ ಅಲ್ಲ ಎನ್ನುವಂತೆ ಗೋಡೆಯ ಮೇಲಿನ ಲಸಿಕೆಯ ಚಿತ್ರ ನೋಡುತ್ತ ನಿಂತ. ಬೆಂಚಿನ ಮೇಲೆ ಉಸಿರಿಗೆ ಒದ್ದಾಡುತ್ತಿದ್ದ ಮುದುಕ ಮಾತ್ರ, "ನನ್ನ ಹೆಸರು ಇಷ್ಟು ಭಾರ ಅಂತ ನನಗೇ ಗೊತ್ತಿರ್ಲಿಲ್ಲ" ಎಂದು ನಗಲು ಹೋಗಿ ಕೆಮ್ಮಿದ್ದ. ಆ ಕೆಮ್ಮು ಈಗಲೂ ಎಸೆನ್‌ಗೆ ಶಾಲೆಯ ಓಣಿಯಲ್ಲಿ, ಬೇರೆ ಯಾರದೋ ಗಂಟಲಲ್ಲಿ ಕೇಳಿಸುತ್ತದೆ.

ಹಳೆಯ ಡಿಸ್ಕ್ ಅದೇ ಮೇಜಿನ ಮೂಲೆಯಲ್ಲಿ ಬಿದ್ದಿತ್ತು. ವಾರದಿಂದ ಅದು ಒಳಗೇ ಟಿಕ್ ಟಿಕ್ ಎನ್ನಲು ಶುರುವಿಟ್ಟಿತ್ತು. ಅದರ ಓದುವ ಮುಳ್ಳು ದಾರಿ ಕಾಣದೆ ತಡವುವ ಸದ್ದು ಅದು; ಆ ಸದ್ದು ಬಂದ ಡಿಸ್ಕ್ ಹೆಚ್ಚು ದಿನ ಬಾಳುವುದಿಲ್ಲ. ಸಾಯುವ ಮೊದಲು ಬೇಕಾದದ್ದನ್ನು ಹೊರಕ್ಕೆ ತೆಗೆದುಕೊಳ್ಳಬೇಕು, ಮುಖ್ಯವಾದದ್ದನ್ನು ಮೊದಲು. ನಿನ್ನೆ ಶಾಲೆಯಿಂದ ಬಂದವನೇ ಎಸೆನ್ ಹೊಸದನ್ನು ಜೋಡಿಸಿ, ಹುಡುಕುವ ಜಾಗದಲ್ಲಿ ಮುಕಾಶ್ ಎಂದು ಬರೆದ. ಬಂದವುಗಳನ್ನೆಲ್ಲ ಹೊಸ ಡಿಸ್ಕಿಗೆ ಕಳಿಸಿದ. ಆಮೇಲೆ ಒಂದೊಂದೇ ಫೋಲ್ಡರು ನೋಡುತ್ತ ಬೇಕು ಬೇಡ ಎಂದು ಬೇರ್ಪಡಿಸಿದ. ಶಾಲೆಯ ಪ್ರಶ್ನೆಪತ್ರಿಕೆಗಳು ಬೇಕು. ಯಾರದೋ ಮದುವೆಯ ಹಾಡುಗಳು ಬೇಡ. ಬೂದು ಕುದುರೆ ಎಂಬ ಹೆಸರಿನದೊಂದು ಹದಿಮೂರು ಗಿಗಾಬೈಟ್ ತೂಗುತ್ತಿತ್ತು. ಮಗಳು ಬೆಗಿಮಾಯ್ ಚಿಕ್ಕವಳಿದ್ದಾಗ ನೋಡುತ್ತಿದ್ದ ಕಾರ್ಟೂನು ಇರಬೇಕು, ಅದನ್ನು ಎಳೆಯುವಷ್ಟರಲ್ಲಿ ಡಿಸ್ಕಿನ ಪ್ರಾಣವೇ ಹೋದೀತು, ಬೇಡ. ಅಪ್ಪನದು ಎಷ್ಟು ಬಂತು ಎಂದು ಎಣಿಸಿದ. ಒಂದನ್ನೂ ತೆರೆಯಲಿಲ್ಲ. ತೆರೆದರೆ ಅಪ್ಪ ಮಾತಾಡುತ್ತಾನೆ, ಸುಮ್ಮನೆ ಹೀಗೆ ಬುಧವಾರದ ದಿನ, ತಾನು ಕಾಲುಚೀಲ ಕೂಡ ಬಿಚ್ಚದೆ ಕೂತಿರುವಾಗ. ಶನಿವಾರ ಎಲ್ಲರ ನಡುವೆ ಕೇಳಿದರಾಯಿತು ಎಂದುಕೊಂಡ. ಅದು ಹೇಡಿತನ ಎಂದು ಅವನಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದದ್ದನ್ನೆಲ್ಲ ಅವನು ಹೀಗೆಯೇ ಮುಂದಕ್ಕೆ ಹಾಕುತ್ತ ಬಂದವನು.

ಶನಿವಾರ ಅತ್-ಬಾಷಿಯಲ್ಲಿ, ಅಣ್ಣ ತಲಾಯ್‌ನ ಅಂಗಳದಲ್ಲಿ ಅಪ್ಪನ ಆಶ್. ವರ್ಷ ತುಂಬಿದ ಸತ್ತವನ ಹೆಸರಿನಲ್ಲಿ ಊರಿಗೆ ಊರೇ ಕೂತು ಉಣ್ಣುವ ದಿನ. ಕುದುರೆ ಕಡಿಯುವುದು ತಲಾಯ್, ಗುಡಾರ ಹಾಕಿಸುವುದು ತಲಾಯ್, ನೆಂಟರ ಕುದುರೆಗಳಿಗೆ ಹುಲ್ಲು ಹೊಂದಿಸುವುದೂ ತಲಾಯ್. ಆಶ್‌ಗೆ ಯಾರು ಏನು ಮಾಡಬೇಕೆಂದು ಮನೆಯವರು ಸೇರಿ ಚರ್ಚಿಸಿದ ದಿನ ಎಲ್ಲರೂ ತನ್ನ ಕಡೆ ನೋಡದೆಯೇ ಮಾತಾಡುತ್ತಿದ್ದಾಗ ಎಸೆನ್‌ನ ಬಾಯಿಂದ ತಾನಾಗಿ ಬಂದುಬಿಟ್ಟಿತ್ತು: "ಅಪ್ಪನ ದನಿ ನಾನು ತರ್ತೀನಿ. ಪರದೆ ಮೇಲೆ ಹಾಕೋಣ. ಜೈಲೂನಲ್ಲಿ ತೆಗೆದದ್ದು, ಅಪ್ಪ ಮಾತಾಡಿರೋದು ಅದೊಂದೇ ಇರೋದು." ಮದುವೆಯಾದ ಮೊದಲ ಬೇಸಿಗೆಯಲ್ಲಿ, ಜೈಲೂ ಎನ್ನುವ ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ, ಜಿಪಾರ್ ತನ್ನ ಅಣ್ಣನ ಕ್ಯಾಮರಾ ತಂದು ತೆಗೆದಿದ್ದ ಕ್ಯಾಸೆಟ್ಟು. ಎಸೆನ್ ಆ ದಿನ ಪರೀಕ್ಷೆಯ ಕೆಲಸಕ್ಕೆಂದು ಊರಲ್ಲಿದ್ದ. ಆಮೇಲೆ ಯಾವತ್ತೋ ಅವಳು, ಅವನಿಂದಲೇ ಕಲಿತುಕೊಂಡು, ಅದನ್ನು ಕಂಪ್ಯೂಟರಿಗೆ ಇಳಿಸಿದ್ದಳು. ನೋಡಿ ಎಂದು ಕರೆದಾಗಲೆಲ್ಲ ಅವನು ನೋಡೋಣ ಎಂದಿದ್ದ. ಕ್ಯಾಸೆಟ್ಟು ಅವಳ ಅಣ್ಣನಿಗೆ ಹಿಂದಿರುಗಿ, ಅದರ ಮೇಲೆ ಯಾರದೋ ಮದುವೆ ಕೂತಿತು.

ಹಾಗೆ ಮಾತು ಕೊಟ್ಟದ್ದು ಯಾಕೆ ಎಂಬುದೂ ಅವನಿಗೆ ಗೊತ್ತಿತ್ತು. ಅಪ್ಪ ತೀರಿಕೊಂಡಾಗ ಶವ ಯುರ್ತದೊಳಗೆ, ಕಂಬಳಿಯ ದುಂಡು ಗುಡಾರದಲ್ಲಿತ್ತು, ಒಳಗೆ ಹೆಂಗಸರು ಬೆನ್ನು ತಿರುಗಿಸಿ ಕೂತು ಹಾಡಿ ಹಾಡಿ ಅಳುತ್ತಿದ್ದರು. ಹೊರಗೆ ಗಂಡಸರು, ಸೊಂಟಕ್ಕೆ ಪಟ್ಟಿ ಬಿಗಿದು, ಕೋಲಿನ ಮೇಲೆ ಬಾಗಿ ಸಾಲಾಗಿ ನಿಂತು, ದೂರದಿಂದ ಬರುವವರ ದನಿ ಕೇಳಿದೊಡನೆ ತಾವೂ ದನಿ ಎತ್ತಿ ಅಳಬೇಕು. ಮಗನ ಅಳು ಊರ ಗಡಿಯವರೆಗೆ ಕೇಳಬೇಕು. ತಲಾಯ್ "ಬೆಟ್ಟದಂಥ ನನ್ನಪ್ಪಾ" ಎಂದು ಕೂಗಿದಾಗ ಕಟ್ಟಿದ್ದ ಕುದುರೆಗಳು ಕಿವಿ ನಿಮಿರಿಸಿದವು. ಪಕ್ಕದಲ್ಲಿ ಎಸೆನ್ ಬಾಯಿ ತೆರೆದ. ಗಾಳಿ ಮಾತ್ರ ಬಂತು. ಇನ್ನೊಂದು ಗುಂಪು ಬಂದಾಗ ಮತ್ತೆ ತೆರೆದ. ತುಟಿ ಅಲುಗಿಸಿದರೆ ಸಾಕು, ಇಷ್ಟು ದನಿಗಳ ನಡುವೆ ಯಾರಿಗೆ ತಿಳಿಯುತ್ತದೆ ಎಂದುಕೊಂಡು ಅಲುಗಿಸಿದ. ಆದರೆ ಸಾವಿನ ಮನೆಯಲ್ಲಿ ಜನರ ಕಿವಿ ಬಲು ಚುರುಕು. ಮೂರನೆಯ ದಿನ ಮಣ್ಣು ಮಾಡಿ ಬರುವಾಗ ಹಿಂದಿನಿಂದ ಯಾರೋ ತಗ್ಗಿದ ದನಿಯಲ್ಲಿ, "ಮಾಸ್ತರ್ರ ಗಂಟಲಿಗೆ ಸೀಮೆಸುಣ್ಣ ಕಟ್ಟಿದೆ" ಎಂದರು. ಯಾರೋ ಮೂಗಿನಲ್ಲಿ ನಕ್ಕರು. ತಲಾಯ್‌ಗೆ ಆಮೇಲೆ ವಾರಗಟ್ಟಲೆ ದನಿಯೇ ಇರಲಿಲ್ಲ, ಸನ್ನೆಯಲ್ಲಿ ಮಾತಾಡುತ್ತಿದ್ದ, ಅದಕ್ಕೆ ಎಲ್ಲರೂ ಅವನನ್ನು ಎದ್ದು ನಿಂತು ಮಾತಾಡಿಸುತ್ತಿದ್ದರು. ಎಸೆನ್‌ನ ದನಿ ಗಟ್ಟಿಮುಟ್ಟಾಗಿತ್ತು. ಸೋಮವಾರ ತರಗತಿಗೆ ಹೋಗಿ ಪಾಠ ಮಾಡಿದ.

ಈ ಗುರುವಾರ ಶಾಲೆಗೆ ಹೊರಡುವಾಗ ಫೋನು ಬಂತು. ತಲಾಯ್.

"ಏನೋ ಮಾಸ್ತರೇ, ಪರದೆ ಕಟ್ಟಿ ಆಯ್ತು ಇಲ್ಲಿ. ಅಪ್ಪ ಬರ್ತಾನೆ ತಾನೇ?"

"ಬರ್ತಾನೆ, ಬೈಕೆ."

"ದನಿ ಗಟ್ಟಿ ಇದೆಯಾ? ನಿನ್ನ ಹಂಗೆ ಬರೀ ತುಟಿ ಆಡಿಸಿದ್ರೆ ಕಷ್ಟ ನೋಡು. ದೊಡ್ಡ ಸ್ಪೀಕರ್ ಪೆಟ್ಟಿಗೆ ತರಿಸಿದೀನಿ, ಬೆಟ್ಟದಾಚೆಗೂ ಕೇಳ್ಬೇಕು."

"ಗಟ್ಟಿ ಇದೆ."

ಕೇಳಿಯೇ ಇರದ ದನಿಯ ಬಗ್ಗೆ ಎಷ್ಟು ಸಲೀಸಾಗಿ ಹೇಳಿದೆ ಎಂದು ಅವನಿಗೇ ಆಶ್ಚರ್ಯವಾಯಿತು. ನದಿಯ ಪಕ್ಕದ ರಸ್ತೆಯಲ್ಲಿ ಕಲ್ಲಿದ್ದಲ ಹೊಗೆ ಮನೆಗಳ ಮೇಲೆಯೇ ಕೂತಿತ್ತು. ಕೋಟಿನ ಜೇಬಿನಲ್ಲಿ ಹಳೆಯ ಡಿಸ್ಕು ತೊಡೆಗೆ ಬಡಿಯುತ್ತಿತ್ತು. ಮಕ್ಕಳಿಗೆ ತೋರಿಸೋಣ ಎಂದು ತೆಗೆದುಕೊಂಡಿದ್ದ. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದನ್ನು ಒಂದು ದಿನ ಕೈಯಲ್ಲಿ ಹಿಡಿದು ತೋರಿಸಿದರೆ ಮಕ್ಕಳು ಮನೆಗೆ ಹೋಗಿ ಅಗಾಯ್, ನಮ್ಮ ಮಾಸ್ತರು, ಹೀಗೆ ತೋರಿಸಿದರು ಎಂದು ಹೇಳುತ್ತಾರೆ. ಅಂಥ ಮಾತು ಅವನಿಗೆ ಬೇಕಾಗಿತ್ತು. ಹಸಿವಿನಷ್ಟೇ ಬೇಕಾಗಿತ್ತು.

ತರಗತಿಯಲ್ಲಿ ಮೊದಲು ಅದಕ್ಕೆ ವಿದ್ಯುತ್ ಕೊಟ್ಟು ಟಿಕ್ ಟಿಕ್ ಸದ್ದು ಕೇಳಿಸಿದ. "ಇದು ಸಾಯ್ತಿರೋ ಡಿಸ್ಕು," ಎಂದ. ಸದ್ದು ಒಂದಿಷ್ಟು ಹೊತ್ತು ಬಂದು ನಿಂತು, ತಟ್ಟೆಗಳು ಸರಾಗ ತಿರುಗತೊಡಗಿದವು. ಅದು ಬದುಕಿದೆಯಲ್ಲ ಎಂದು ಅವನಿಗೆ ಅನ್ನಿಸಿತು. ಇನ್ನೊಂದು ದಿನ ತಾಳ್ಮೆಯಿಂದ ಕೂತರೆ ಉಳಿದದ್ದೂ ಬಂದೀತು ಎಂದೂ ಅನ್ನಿಸಿತು. ಆದರೆ ಮಕ್ಕಳು ಆಗಲೇ ಬೆಂಚು ಬಿಟ್ಟು ಸುತ್ತ ನೆರೆದಿದ್ದರು. ವಿದ್ಯುತ್ ಕಿತ್ತು, ನಕ್ಷತ್ರದ ತಲೆಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಮುಚ್ಚಳ ತೆಗೆದ. ಒಳಗಿನ ತಟ್ಟೆ ಕನ್ನಡಿಯಂತೆ ಹೊಳೆಯಿತು. ಮಕ್ಕಳೆಲ್ಲ ಓ ಎಂದರು. ತಟ್ಟೆಯನ್ನು ಬಿಚ್ಚಿ ಕೈಯಿಂದ ಕೈಗೆ ದಾಟಿಸಿದ. ಒಬ್ಬ ಅದರಲ್ಲಿ ತಲೆ ಬಾಚಿಕೊಂಡ, ಒಬ್ಬಳು ಹಲ್ಲು ನೋಡಿಕೊಂಡಳು, ಎಲ್ಲರೂ ನಕ್ಕರು, ಎಸೆನ್ ಕೂಡ ನಕ್ಕ. ಬಹಳ ದಿನಗಳ ಮೇಲೆ ಅವನ ತರಗತಿಯಲ್ಲಿ ನಗು ಕೇಳಿಸಿತ್ತು.

"ಅಗಾಯ್," ಎಂದಳು ಮುಂದಿನ ಬೆಂಚಿನ ಹುಡುಗಿ, ತಟ್ಟೆಯನ್ನು ತಿರುಗಿಸಿ ನೋಡುತ್ತ. "ಇದ್ರೊಳಗೆ ಇದ್ದದ್ದು ಈಗ ಎಲ್ಲಿದೆ?"

"ಬೇರೆ ಕಡೆ ಹೋಯ್ತು. ಹೊಸದಕ್ಕೆ."

"ಎಲ್ಲಾನೂ?"

"ಬೇಕಾದದ್ದೆಲ್ಲ."

ಹುಡುಗಿ ತಟ್ಟೆಯನ್ನು ಹಿಂದಿರುಗಿಸಿದಳು. ಅದರ ತುಂಬ ಬೆರಳಿನ ಗುರುತುಗಳು. ಅಂಗಿಯ ತುದಿಯಿಂದ ಒರೆಸಿದ, ಪೂರ್ತಿ ಹೋಗಲಿಲ್ಲ, ಹಾಗೆಯೇ ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ ಮನೆಗೆ ಬಂದಾಗ ಬೋರ್ಸೋಕ್ ತುಂಬಿದ ಬಿಳಿ ಚೀಲಗಳು ಗೋಡೆಗೆ ಒರಗಿ ನಿಂತಿದ್ದವು. ಜಿಪಾರ್ ಕೈ ತೊಳೆದು, ತಲೆವಸ್ತ್ರ ಸರಿಮಾಡಿಕೊಂಡು, ಚಹಾ ಬಗ್ಗಿಸಿದಳು. ಮಗಳನ್ನು ಅತ್-ಬಾಷಿಗೆ ಆಗಲೇ ಕಳಿಸಿದ್ದರಿಂದ ಮನೆ ಸುಮ್ಮನಿತ್ತು. ಅವಳ ಮುಖದಲ್ಲಿ ಕೆಲಸ ಮುಗಿಸಿದವರ ಹಗುರ ಇತ್ತು, ಕೆನ್ನೆಯಲ್ಲಿ ಹಿಟ್ಟು.

"ಬೂದು ಕುದುರೆ ಹಾಕಿ ಒಂದ್ಸಲ," ಎಂದಳು. "ಶನಿವಾರ ಹೆಂಗಸರ ಸಾಲಲ್ಲಿ ನನಗೆ ನೋಡೋಕೆ ಆಗಲ್ಲ. ಈಗ್ಲೇ ನೋಡ್ಬಿಡ್ತೀನಿ."

"ಯಾವ ಬೂದು ಕುದುರೆ?"

"ಅವರದ್ದು. ಜೈಲೂನಲ್ಲಿ ತೆಗೆದದ್ದು."

ಬಟ್ಟಲು ತುಟಿಯವರೆಗೆ ಬಂದಿತ್ತು. ಅವನು ಅದನ್ನು ಕೆಳಗಿಡಲಿಲ್ಲ, ಕುಡಿಯಲೂ ಇಲ್ಲ. ಅಪ್ಪ ಕೊನೆಯವರೆಗೂ ಹತ್ತುತ್ತಿದ್ದ ಬೂದು ಕುದುರೆ, ಜಿಪಾರ್ ಮಾವನನ್ನು ಕರೆಯಬೇಕಾದಾಗ ಅಂಗಳದ ಹುಡುಗರಿಗೆ "ಬೂದು ಕುದುರೆಯವರು ಊಟಕ್ಕೆ ಬರ್ಲಿ" ಎನ್ನುತ್ತಿದ್ದದ್ದು, ಹತ್ತಾರು ವರ್ಷ ಕೇಳಿ ಕೇಳಿ ಕಿವಿಯೊಳಗೇ ಇದ್ದದ್ದು ಈಗ ಎದುರು ಬಂದು ನಿಂತಿತು. ಎದ್ದು ಹೋಗಿ ಕಂಪ್ಯೂಟರ್ ಹಾಕಿದ. ಮುಕಾಶ್ ಎಂಬ ಹೆಸರಿನವನ್ನೆಲ್ಲ ಒಂದೊಂದಾಗಿ ತೆರೆದ. ಪಿಂಚಣಿಯ ಕಾಗದ. ಆಸ್ಪತ್ರೆಯ ಕಾಗದ. ಗೋರಿಕಲ್ಲಿಗೆ ಕೊಟ್ಟ ಫೋಟೋ, ಅದರದೇ ನಾಲ್ಕಾರು ಪ್ರತಿ. ಯಾವುದೂ ಮಾತಾಡಲಿಲ್ಲ.

"ಕಾರ್ಟೂನು ಅಂದ್ಕೊಂಡೆ," ಎಂದ. "ಬೆಗಿಮಾಯ್‌ದು ಅಂತ."

ಜಿಪಾರ್ ಬಾಗಿಲಲ್ಲಿ ನಿಂತಿದ್ದಳು. "ಹಳೇದ್ರಲ್ಲಿ ಇದೆಯಲ್ಲ. ಅದ್ರಿಂದ ತಗೊಳ್ಳಿ."

ಅವನು ಜೇಬಿನಿಂದ ತಟ್ಟೆ ತೆಗೆದು ಮೇಜಿನ ಮೇಲಿಟ್ಟ. ಅವಳು ಹತ್ತಿರ ಬಂದು ನೋಡಿದಳು. ಅದು ಏನೆಂದು ಅವಳಿಗೆ ಕೂಡಲೇ ತಿಳಿಯಲಿಲ್ಲ. ತಿಳಿದಾಗ ಕೈಯನ್ನು ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಒರೆಸಿಕೊಂಡಳು, ಮುಟ್ಟಲು ಹೊರಟವಳಂತೆ, ಆದರೆ ಮುಟ್ಟಲಿಲ್ಲ.

"ರಾಜಧಾನೀಲಿ, ಬಿಷ್ಕೆಕ್‌ನಲ್ಲಿ ಯಾರಾದ್ರೂ ತೆಗೆದುಕೊಡಲ್ವಾ?"

"ಇಡೀ ತರಗತಿ ಬೆರಳಿಟ್ಟಿದೆ ಇದ್ರ ಮೇಲೆ. ನಾನೇ ಕೊಟ್ಟೆ." ಆಮೇಲೆ ಬರಬಾರದ ಸಿಟ್ಟು ಬಂದುಬಿಟ್ಟಿತು. "ಹೆಸರು ಬರೆದಿದ್ರೆ ಏನಾಗ್ತಿತ್ತು ನಿಂಗೆ? ಕಂಪ್ಯೂಟರಿಗೇನು ಕಿವಿ ಇದೆಯಾ?"

"ಬರೆದ್ರೂ ಹೇಳಿದ ಹಾಗೇ ಅಲ್ವಾ," ಎಂದಳು ಜಿಪಾರ್. ಆಮೇಲೆ ಮೆಲ್ಲಗೆ, "ನೀವು ತೆರೆದೇ ನೋಡ್ಲಿಲ್ವಾ? ಒಂದನ್ನೂ?"

ಅವನು ಅಂಗಳಕ್ಕೆ ಹೋಗಿ ಕಲ್ಲಿದ್ದಲ ಕೋಣೆಯ ಮೆಟ್ಟಿಲ ಮೇಲೆ ಕೂತ. ತಟ್ಟೆ ಹೇಗೋ ಕೈಯಲ್ಲೇ ಬಂದಿತ್ತು. ಅದರಲ್ಲಿ ಬಿಳಿಯ ಆಕಾಶವೂ ತನ್ನ ಅರ್ಧ ಗಡ್ಡವೂ, ಅವುಗಳ ಮೇಲೆ ಚಿಕ್ಕ ಚಿಕ್ಕ ಬೆರಳ ಗುರುತುಗಳೂ ಕಾಣುತ್ತಿದ್ದವು. ಪರದೆ ಕಟ್ಟಿ ಆಗಿದೆ. ಪೆಟ್ಟಿಗೆ ಬಂದಿದೆ. ಬೆಟ್ಟದಾಚೆಗೂ ಕೇಳಬೇಕು. ಶನಿವಾರ ಅಷ್ಟು ಜನರ ನಡುವೆ ತಾನು ಎದ್ದು ನಿಂತು ಬಾಯಿ ತೆರೆದರೆ ಮತ್ತೆ ಗಾಳಿ. ಜನ ಈ ಸಲ ಮೂಗಿನಲ್ಲಿ ನಗುವುದಿಲ್ಲ, ಸುಮ್ಮನೆ ಊಟದ ತಟ್ಟೆಯ ಕಡೆ ಬಾಗಿ ಮಾಂಸ ತಿನ್ನುತ್ತಾರೆ. ಅದು ಇನ್ನೂ ಕಷ್ಟ. ಜಿಪಾರ್ ಹೊರಗೆ ಬಂದು, ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತಳು. ಅವಳಿಂದ ಎಣ್ಣೆಯ ವಾಸನೆ ಬರುತ್ತಿತ್ತು.

"ನಂಗೆ ನೆನಪಿದೆ ಅದ್ರಲ್ಲಿರೋದು," ಎಂದಳು. "ಕ್ಯಾಮರಾ ಹಿಡಿದವಳು ನಾನೇ ಅಲ್ವಾ. ಮೊದ್ಲು ನಾಚ್ಕೊಂಡ್ರು. ಟೋಪಿ ಸರಿ ಮಾಡ್ಕೊಂಡ್ರು. ಏನು ಹೇಳ್ಬೇಕು ಮಗಳೇ ಅಂದ್ರು. ಏನಾದ್ರೂ ಹೇಳಿ ಅತಾ ಅಂದೆ. ಆಮೇಲೆ ಏಳು ತಲೆಮಾರು ಹೇಳಿದ್ರು. ಮೊದ್ಲು ಅವರ ಹೆಸರು." ಅವಳು ಕಿರುಬೆರಳು ಮಡಿಸಿದಳು. "ಆಮೇಲೆ ಅವರ ಅಪ್ಪಂದು. ಆಮೇಲೆ ಅವರ ಅಪ್ಪಂದು." ಒಂದೊಂದೇ ಬೆರಳು ಮಡಿಸುತ್ತ ಹೋದಳು, ಯಾವ ಹೆಸರನ್ನೂ ಹೇಳದೆ. ಒಂದು ಕೈಯ ಬೆರಳೆಲ್ಲ ಮುಗಿದು ಇನ್ನೊಂದು ಕೈಯ ಎರಡು ಬೆರಳಿಗೆ ಬಂದು ನಿಂತಳು. "ಆಮೇಲೆ ಕುದುರೆಗೆ ಜೀನು ಬಿಗೀತಾ ನಿಮ್ಮ ವಿಷ್ಯ ಹೇಳಿದ್ರು."

"ನನ್ನದಾ?"

"ಹೂಂ. ಇವ್ನು ಹುಟ್ಟಿದಾಗ ಅಳ್ಲೇ ಇಲ್ಲ ಅಂದ್ರು. ನೀಲಿ ಬಿದ್ದಿದ್ದ. ಸೂಲಗಿತ್ತಿ ಕಾಲು ಹಿಡಿದು ತಲೆಕೆಳಗೆ ಮಾಡಿ ಹೊಡೆದ್ಲು, ಆಗ್ಲೂ ಇಲ್ಲ. ನಾವೆಲ್ಲ ಆಸೆ ಬಿಟ್ಟು ಹೊರಗೆ ಬಂದ್ವಿ. ನಾನು ಕುದುರೆ ಬಿಚ್ತಾ ಇದ್ದೆ. ಆವಾಗ ಒಳಗಿಂದ ಕೂಗಿದ ನೋಡು, ಕುದುರೆ ಹಗ್ಗ ಕಿತ್ಕೊಂಡು ಓಡ್ತು. ಇವ್ನದ್ದೆಲ್ಲ ತಡ ಅಂದ್ರು. ತಡ, ಆದ್ರೆ ಬರುತ್ತೆ ಅಂದ್ರು. ಅಷ್ಟು ಹೇಳಿ ಜೋರಾಗಿ ನಕ್ರು. ನಗುವಾಗ ಕ್ಯಾಮರಾ ಅಲ್ಲಾಡ್ತು, ನಾನೂ ನಕ್ಕೆ ಅಂತ."

ಎಸೆನ್ ಏನೋ ಹೇಳಲು ಬಾಯಿ ತೆರೆದ. ಗಾಳಿ ಬಂತು. ಗಾಳಿಯ ಹಿಂದೆ ಕೆಳಗೆಲ್ಲೋ, ಹೊಟ್ಟೆಗಿಂತ ಕೆಳಗೆ, ಏನೋ ಸಡಿಲವಾಗಿ ಮೇಲಕ್ಕೆ ಬರತೊಡಗಿತು. ತಡೆಯಲು ನೋಡಿದ, ಅಕ್ಕಪಕ್ಕದವರು ಏನೆಂದುಕೊಂಡಾರು ಎಂದು. ಅದು ಅವನನ್ನು ಕೇಳಲಿಲ್ಲ. "ಅಪ್ಪಾ" ಎಂಬ ಸದ್ದು ಅವನ ಗಂಟಲಿನಿಂದ ಬಂದಾಗ ಅದು ಯಾರ ದನಿ ಎಂದು ಅವನಿಗೇ ತಿಳಿಯಲಿಲ್ಲ. ತಲಾಯ್‌ನ ದನಿಯಷ್ಟೇ ದಪ್ಪವಾಗಿತ್ತು, ಅದಕ್ಕಿಂತ ಒರಟಾಗಿತ್ತು. ಬೆಟ್ಟದಂಥ ನನ್ನಪ್ಪಾ. ಪಕ್ಕದ ಅಂಗಳದ ನಾಯಿ ಬೊಗಳಲು ಶುರುಮಾಡಿತು. ನದಿಯಾಚೆ ಇನ್ನೊಂದು ಬೊಗಳಿತು. ಅವನು ಎದ್ದು ನಿಂತಿದ್ದ, ಕೋಲಿಲ್ಲದೆ ಬಾಗಿಲ ಚೌಕಟ್ಟನ್ನು ಹಿಡಿದು ಬಾಗಿದ್ದ. ತಟ್ಟೆ ಉರುಳಿ ಹೋಗಿ ಕಲ್ಲಿದ್ದಲ ಪುಡಿಯಲ್ಲಿ ಬಿದ್ದಿತ್ತು. ಒಂದು ವರ್ಷದ್ದು, ಅದಕ್ಕೂ ಹಿಂದಿನದು, ಆಸ್ಪತ್ರೆಯ ಸಾಲಿನಲ್ಲಿ ಗೋಡೆ ನೋಡುತ್ತ ನಿಂತದ್ದು, ನೋಡೋಣ ನೋಡೋಣ ಎಂದದ್ದು, ಎಲ್ಲ ಒಂದೇ ಸದ್ದಾಗಿ ಬರುತ್ತಿತ್ತು, ನಿಲ್ಲಿಸುವುದು ಅವನ ಕೈಯಲ್ಲಿರಲಿಲ್ಲ.

ಗಂಡಸಿನ ಅಂಥ ಕೂಗು ಕೇಳಿದರೆ ನೆರೆಯವರು ಕಾರಣ ಕೇಳುತ್ತ ಕೂರುವುದಿಲ್ಲ. ಪಕ್ಕದ ಮನೆಯ ಸಾಗಿನ್ ಮುದುಕ ಹರಿದ ಚಪ್ಪಲಿಯಲ್ಲೇ, ಕೋಲೂರುತ್ತ, ರಸ್ತೆಯಿಂದಲೇ ದನಿಯೆತ್ತಿ ಅಳುತ್ತ ಓಡಿ ಬಂದ. ಯಾರಿಗಾಗಿ ಅಳುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಅಂಗಳದ ಬಾಗಿಲು ತಳ್ಳಿ ಒಳಗೆ ಬಂದು, ಏದುಸಿರು ಬಿಡುತ್ತ ಜಿಪಾರ್ ಎದುರು ನಿಂತ.

"ಯಾರಮ್ಮ? ಯಾರು ಹೋದ್ರು?"

ಜಿಪಾರ್ ಎದ್ದು ನಿಂತಳು. ಗಂಡನ ಕಡೆ ನೋಡಿದಳು. ಅವನು ಇನ್ನೂ ಕೂಗಿ ಅಳುತ್ತಲೇ ಇದ್ದ. ಹೇಳಿಸಲು ಅಲ್ಲಿ ಬೇರೆ ಯಾರೂ ಇರಲಿಲ್ಲ. ಅವಳ ತುಟಿ ಎರಡು ಸಲ ಬಿಚ್ಚಿ ಮುಚ್ಚಿತು. ಕೆನ್ನೆಯ ಹಿಟ್ಟಿನ ಮೇಲೆ ಕಣ್ಣೀರು ಇಳಿಯುತ್ತಿತ್ತು.

"ಮುಕಾಶ್," ಎಂದಳು.

ಮುದುಕ ಅವಳನ್ನು ನೋಡಿದ, ಎಸೆನ್‌ನನ್ನು ನೋಡಿದ. ಹೋದ ವರ್ಷವಷ್ಟೇ ಆ ಗೋರಿಗೆ ಮಣ್ಣು ಹಾಕಿ ಬಂದವನು ಅವನು. ಕೋಲನ್ನು ಎಸೆನ್‌ನ ಕೈಗೆ ಕೊಟ್ಟು, ಅವನ ಪಕ್ಕದಲ್ಲಿ ಬಾಗಿ ನಿಂತ.